ಸಹೋದರೀ ಸಂಘದ ಬಾಗಿಲು

ಅಮೆರಿಕಾ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಸೊರಾರಿಟಿ ಎಂದು ಹೆಸರಾದ ಒಂದು ಬಗೆಯ ಸಂಘವುಂಟು. ಲ್ಯಾಟಿನ್ ಭಾಷೆಯಲ್ಲಿ ಸೊರೊರ್ ಎಂದರೆ ಸಹೋದರಿ. ಆದುದರಿಂದ ನಾವು ಇದನ್ನು ಸಹೋದರೀ ಸಂಘವೆಂದು ಕರೆಯಬಹುದು. ಸಂಘದ ಹೆಸರು ಸಾಮಾನ್ಯವಾಗಿ ಎರಡು ಮೂರು ಗ್ರೀಕ್ ಅಕ್ಷರಗಳಿಂದ ಆದದ್ದು. ಅದರ ಶಾಖೆಗಳು ಹಲವು ವಿದ್ಯಾಪೀಠಗಳಲ್ಲಿ ಹರಡಿರುತ್ತವೆ. ಈ ಸಂಘಗಳ ಮಾತು ಬಂದೊಡನೆ ಕೆಲವರಿಗೆ ವಿನೋದಕೂಟಗಳೂ ಉಡುಗೆತೊಡುಗೆಯ ಬೆಡಗೂ ಮಾತ್ರ ನೆನಪಾಗುತ್ತವೆ. ಅಷ್ಟೇ ಆಗಿದ್ದರೆ ಅವನ್ನು ಕುರಿತು ವಿಚಾರಮಾಡಬೇಕಾದ ಅವಶ್ಯಕತೆಯಿರಲಿಲ್ಲ.

ಇವು ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ಇಂಡಿಯಾನಾ ಸಂಸ್ಥಾನದ ಗ್ರೀನ್‌ಕಾಸಲ್ ಎಂಬ ಊರಿನ ಆಸ್ಬರಿ ವಿದ್ಯಾಪೀಠವು 1867ರಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಹಾಗೆ ಸೇರಿದವರಲ್ಲಿ ಬೆಟ್ಟಿ ಲಾಕ್ ಎಂಬಾಕೆ ಒಬ್ಬಳು. ತರುಣರ ಸಂಘವೊಂದು ತನ್ನ ಪದಕವನ್ನು ಧರಿಸಿಕೊಳ್ಳೆಂದು ಆಕೆಯನ್ನು ಕೇಳಿತಂತೆ. ಪೂರ್ಣ ಸದಸ್ಯತ್ವವನ್ನು ಕೊಡುವುದಾದರೆ ಧರಿಸುತ್ತೇನೆ, ಇಲ್ಲವಾದರೆ ಬೇಡ ಎಂದು ಆಕೆ ನಿರಾಕರಿಸಿದಳೆಂದು ಹೇಳುವರು. 1870ನೆಯ ಜನವರಿ 27ರಂದು ಆಕೆಯೂ ಇನ್ನು ಮೂವರು ಗೆಳತಿಯರೂ ಕಪ್ಪಾ ಆಲ್ಫಾ ಥೀಟಾ ಎಂಬ ತಮ್ಮದೇ ಸಂಘವನ್ನು ಸ್ಥಾಪಿಸಿದರು. ಪರರ ಮನೆಯಲ್ಲಿ ಅಲಂಕಾರವಾಗಿ ನಿಲ್ಲುವುದಕ್ಕಿಂತ ತಮ್ಮದೊಂದು ಗುಡಿಸಲೇ ಲೇಸೆಂಬ ಸ್ವಾಭಿಮಾನ ಅದರ ತಳಹದಿ.

ಶಾಖೆಯ ದಿನಚರಿಯಲ್ಲಿ ಮೆಚ್ಚತಕ್ಕ ಅಂಶಗಳು ಹಲವಿವೆ. ಅನೇಕ ಶಾಖೆಗಳಿಗೆ ಸ್ವಂತ ಮನೆಯುಂಟು. ಅಧ್ಯಕ್ಷೆ, ಕಾರ್ಯದರ್ಶಿ, ಕೋಶಾಧ್ಯಕ್ಷೆ ಎಲ್ಲರೂ ವಿದ್ಯಾರ್ಥಿನಿಯರೇ, ತಮ್ಮವರಿಂದಲೇ ಚುನಾಯಿತರಾದವರು. ವಾರವಾರದ ಸಭೆ, ವಂತಿಗೆಯ ಲೆಕ್ಕ, ಧರ್ಮಕಾರ್ಯಕ್ಕೆ ಹಣ ಕೂಡಿಸುವುದು, ಇವೆಲ್ಲ ಅವರ ಹೊಣೆ. ಸದಸ್ಯೆಯಾಗಿ ಉಳಿಯಲು ಪರೀಕ್ಷೆಗಳಲ್ಲಿ ಗೊತ್ತಾದಷ್ಟು ಅಂಕಗಳೂ ಬೇಕು. ಹೊಸಬಳೊಬ್ಬಳು ಬಂದಾಗ ಹಿರಿಯಳೊಬ್ಬಳು ಆಕೆಗೆ ಅಕ್ಕನಾಗುತ್ತಾಳೆ. ತಾಯ್ತಂದೆಯರನ್ನು ಬಿಟ್ಟು ದೂರ ಬಂದ ಹುಡುಗಿಗೆ ಜ್ವರ ಬಂದಾಗಲೂ ಪರೀಕ್ಷೆಯಲ್ಲಿ ಸೋತಾಗಲೂ ಹತ್ತಿರ ಕುಳಿತುಕೊಳ್ಳುವ ಒಬ್ಬಳಿರುವುದು ಸಾಮಾನ್ಯ ಭಾಗ್ಯವಲ್ಲ. ದೀಕ್ಷೆಯ ದಿನ ಕೊಟ್ಟ ಮಾತು ಪದವಿಯೊಂದಿಗೆ ಮುಗಿಯುವುದಿಲ್ಲ. ಅದು ಬಾಳಿನುದ್ದಕ್ಕೂ ನಿಲ್ಲತಕ್ಕದ್ದೆಂದು ಅವರ ನಂಬಿಕೆ.

ಆದರೆ ಒಡಹುಟ್ಟಿದ ಅಕ್ಕತಂಗಿಯರನ್ನು ನಾವು ಆರಿಸಿಕೊಳ್ಳುವುದಿಲ್ಲ, ಇಲ್ಲಿಯಾದರೋ ಆರಿಸಿಕೊಳ್ಳುವರು. ತೊಡಕಿರುವುದು ಇಲ್ಲಿಯೇ. ಆಯ್ಕೆಯ ಕಾಲದಲ್ಲಿ ಹೊಸ ವಿದ್ಯಾರ್ಥಿನಿಯರು ಮನೆಯಿಂದ ಮನೆಗೆ ಹೋಗಿ ನಗುನಗುತ್ತ ಮಾತನಾಡಿ ಬರುತ್ತಾರೆ. ಬಳಿಕ ಒಳಗಿನವರು ಬಾಗಿಲು ಮುಚ್ಚಿಕೊಂಡು ತೀರ್ಮಾನಿಸುತ್ತಾರೆ. ಬಿಟ್ಟುಹೋದವಳಿಗೆ ಕಾರಣ ತಿಳಿಯುವುದು ಅಪೂರ್ವ. ಬಹುಕಾಲ ಅನೇಕ ಸಂಘಗಳು ಬಣ್ಣವನ್ನೂ ಮತವನ್ನೂ ನೋಡಿ ಬಾಗಿಲು ತೆರೆದವು. ತಾವು ಹೊರಗೆ ನಿಂತಿದ್ದವರೇ ಒಳಗೆ ಬಂದಮೇಲೆ ಅಗುಳಿ ಹಾಕಿದರು.

ಹೊರಗುಳಿದವರೂ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಯೆಹೂದಿ ತರುಣಿಯರು 1909ರಲ್ಲಿ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನಲ್ಲಿ ಆಲ್ಫಾ ಎಪ್ಸಿಲಾನ್ ಫೈ ಸಂಘವನ್ನು ಕಟ್ಟಿದರು. ಅದಕ್ಕೆ ಒಂದು ವರ್ಷ ಮೊದಲು, 1908ರಲ್ಲಿ, ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯದ ಕಪ್ಪು ವರ್ಣದ ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಸಂಘವನ್ನು ಸ್ಥಾಪಿಸಿದ್ದರು. ಅಲ್ಲಿಯೇ 1913ರ ಜನವರಿಯಲ್ಲಿ 22 ಮಂದಿ ಸೇರಿ ಡೆಲ್ಟಾ ಸಿಗ್ಮಾ ಥೀಟಾ ಸಂಘವನ್ನು ಆರಂಭಿಸಿ, ಮಾರ್ಚಿ ತಿಂಗಳಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ನಡೆದ ಮಹಾ ಮೆರವಣಿಗೆಯಲ್ಲಿ ಹೆಜ್ಜೆಯಿಟ್ಟರು. ಆಲ್ಫಾ ಕಪ್ಪಾ ಆಲ್ಫಾ ಸಂಘದವರು 1935ರಿಂದ ಹಲವು ಬೇಸಗೆಗಳಲ್ಲಿ ಮಿಸಿಸಿಪ್ಪಿಯ ಬಡ ಒಕ್ಕಲುಗಳ ನಡುವೆ ವೈದ್ಯಸೇವೆ ಮಾಡಿದರು. ವೈದ್ಯೆ ಡೊರೊಥಿ ಫೆರೆಬೀ ಅವರ ಮುಂದಾಳು. ಜಮೀನುದಾರರು ಒಕ್ಕಲು ಮಕ್ಕಳನ್ನು ಚಿಕಿತ್ಸಾಲಯಕ್ಕೆ ಕಳುಹಿಸಲು ಸಮ್ಮತಿಸದಿದ್ದಾಗ, ಇವರೇ ಮೋಟಾರುಗಳಲ್ಲಿ ಹೊಲಗಳೆಡೆಗೆ ಹೋಗಿ ಸಿಡುಬಿಗೂ ಗಂಟಲಮಾರಿಗೂ ಚುಚ್ಚುಮದ್ದು ಹಾಕಿದರು. ಸಹೋದರೀ ಎಂಬ ಮಾತು ಅಲ್ಲಿ ಸಂಘದ ಗೋಡೆಯನ್ನು ದಾಟಿತು.

ಕೊನೆಯದಾಗಿ ಒಂದು ಸಂಗತಿ. 2013ರ ಸೆಪ್ಟೆಂಬರಿನಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಪತ್ರಿಕೆಯು, ಅಲ್ಲಿನ ಬಿಳಿಯರ ಸಂಘಗಳಲ್ಲಿ ಯೋಗ್ಯಳಾದ ಕಪ್ಪು ಹುಡುಗಿಗೆ ಪ್ರವೇಶ ತಪ್ಪಿದುದನ್ನು ಪ್ರಕಟಿಸಿತು. ಹಿರಿಯ ಸದಸ್ಯೆಯರ ಒತ್ತಡವೇ ಅದಕ್ಕೆ ಕಾರಣವೆಂದು ಹೇಳಿದವರು ಒಳಗಿನ ತರುಣಿಯರೇ. ಗುಟ್ಟನ್ನು ಕಾಯುವೆವೆಂದು ಮಾತುಕೊಟ್ಟವರು ಬಾಯಿಬಿಡಲು ಎಷ್ಟು ಧೈರ್ಯ ಬೇಕೆಂಬುದನ್ನು ನಾವು ಊಹಿಸಬಹುದು. ಆ ತಿಂಗಳೊಳಗೇ ಕಪ್ಪು ವಿದ್ಯಾರ್ಥಿನಿಯರಿಗೆ ಕರೆಗಳು ಹೋದವು. ಆ ತರುಣಿಯರು ಸಂಘಕ್ಕೆ ದ್ರೋಹ ಮಾಡಿದರೆಂದು ಕೆಲವರು ಭಾವಿಸಬಹುದು. ನಮಗಾದರೋ ಅವರೇ ದೀಕ್ಷೆಯ ಮಾತನ್ನು ಉಳಿಸಿಕೊಂಡವರೆಂದು ತೋರುತ್ತದೆ.

ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ವಿದ್ಯಾರ್ಥಿನಿಲಯವನ್ನು ಕಟ್ಟಿಸಿದ ನಾಡು ನಮ್ಮದು. ಆ ಮನೆಗಳಲ್ಲಿ ಅನ್ನವುಂಡು ಓದಿ ಮುಂದೆ ಬಂದವರು ನಮ್ಮಲ್ಲಿ ಅನೇಕರು. ಆ ಋಣವನ್ನು ಮರೆಯಲಾಗದು. ಆದರೆ ನಮ್ಮನ್ನು ಕಾಪಾಡಿದ ಬಾಗಿಲು ಇನ್ನೊಬ್ಬರನ್ನು ತಡೆಯುತ್ತಿದೆಯೇ ಎಂದು ಆಗಾಗ ಎದ್ದು ನೋಡುವುದು, ಒಳಗೆ ಕುಳಿತ ನಮ್ಮೆಲ್ಲರ ಕರ್ತವ್ಯ.