ಸಹಿ ಯಾರದು, ಸಮ್ಮತಿ ಯಾರದು?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣ)



ಹೆರಿಗೆಯಾದೊಡನೆ ಮನೆಮಂದಿಯ ಕಣ್ಣೆಲ್ಲ ಮಗುವಿನ ಮೇಲಿರುತ್ತದೆ. ಗಂಡೋ ಹೆಣ್ಣೋ, ತೂಕವೆಷ್ಟು, ಯಾರ ಹೋಲಿಕೆ ಎಂಬ ಮಾತುಗಳು ನಡೆಯುತ್ತಿರುತ್ತವೆ. ಅದೇ ಹೊತ್ತಿನಲ್ಲಿ ತಾಯಿಯ ಗರ್ಭಕೋಶ ಬಿಗಿಗೊಳ್ಳದೆ ಸಡಿಲವಾಗಿಯೇ ಉಳಿದರೆ, ಆಕೆ ಕೆಲವೇ ಗಂಟೆಗಳಲ್ಲಿ ರಕ್ತ ಬಸಿದು ಪ್ರಾಣ ಬಿಡಬಹುದು. ಜಗತ್ತಿನಲ್ಲಿ ತಾಯಂದಿರ ಸಾವಿಗೆ ಇಂದಿಗೂ ಅತಿ ಮುಖ್ಯ ಕಾರಣಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವವೂ ಒಂದು. ಇದನ್ನು ವಿಧಿಯೆಂದು ಸಹಿಸಿಕೊಂಡ ಕಾಲವೊಂದಿತ್ತು. ಅದು ವಿಧಿಯಲ್ಲ, ತಡೆಯಬಹುದಾದ ಸಾವು ಎಂದು ತೋರಿಸಿಕೊಟ್ಟದ್ದು ಸಂಶೋಧನೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮದೇ ರಾಜ್ಯದಲ್ಲಿ.

2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಜ್ಞರೂ ಅಮೆರಿಕದ ಸಂಶೋಧಕರೂ ಇದರಲ್ಲಿ ಜೊತೆಗೂಡಿದ್ದರು. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಆಗಲೂ ಇತ್ತು. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರು ಬೇಕು. ಮನೆಯಲ್ಲೋ ಹಳ್ಳಿಯ ಉಪಕೇಂದ್ರದಲ್ಲೋ ಹೆರುವ ಬಡ ಹೆಣ್ಣಿಗೆ ಅದು ಎಲ್ಲಿ ಸಿಗಬೇಕು? ಹಾಗಾಗಿ ಬಾಯಿಯ ಮೂಲಕ ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಲಾಯಿತು. 1,620 ಮಹಿಳೆಯರು ಭಾಗವಹಿಸಿದರು. 812 ಮಂದಿಗೆ ನಿಜವಾದ ಮಾತ್ರೆ, 808 ಮಂದಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ನುಂಗಿದವರಿಗೂ ಗೊತ್ತಿರಲಿಲ್ಲ, ನೀಡಿದ ಆರೋಗ್ಯ ಸಹಾಯಕಿಯರಿಗೂ ಗೊತ್ತಿರಲಿಲ್ಲ.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 12 ಮಂದಿಗೆ ಅತಿಯಾದ ರಕ್ತಸ್ರಾವವಾಗಿತ್ತು. ಔಷಧ ಪಡೆದವರಲ್ಲಿ ಶೇ. 6.4 ಮಂದಿಗೆ ಮಾತ್ರ. ತೀವ್ರ ರಕ್ತಸ್ರಾವ ಶೇ. 1.2ರಿಂದ 0.2ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದು ಮಗು ಹೊರಬಂದ ನಂತರ, ತರಬೇತಿ ಪಡೆದವರ ಕೈಯಿಂದಲೇ ಪಡೆಯಬೇಕಾದ ಔಷಧ. ಅಂಗಡಿಯಿಂದ ತಂದು ನಾವೇ ಕೊಡುವಂಥದ್ದಲ್ಲ ಎಂಬುದೂ ನೆನಪಿರಲಿ.

ಈ ಅಧ್ಯಯನದ ಕಾಲದಲ್ಲಿ ಇನ್ನೊಂದು ಸಾಧನವೂ ರೂಪುಗೊಂಡಿತು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ, ಅಷ್ಟೇ. ಹರಿದ ರಕ್ತವೆಷ್ಟೆಂದು ಅದು ನೇರವಾಗಿ ತೋರಿಸುತ್ತದೆ. ಕಣ್ಣಂದಾಜು ಈ ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆಯಾಗಿರುತ್ತದೆಂದು ಒಂದು ಅಧ್ಯಯನ ತೋರಿಸಿತು. ಅನುಭವಿಗಳ ಕಣ್ಣೂ ಮೋಸ ಹೋಗುತ್ತದೆ ಎಂದಾಯಿತು. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು ಇಂಥದೇ ಅಳತೆಯ ಹಾಳೆಯನ್ನು ಬಳಸಿತು. ರಕ್ತಸ್ರಾವವನ್ನು ಬೇಗನೆ ಗುರುತಿಸಿ, ಎಲ್ಲ ಚಿಕಿತ್ಸೆಗಳನ್ನು ಒಟ್ಟಿಗೆ ನೀಡಿದಾಗ ಗಂಭೀರ ದುಷ್ಪರಿಣಾಮಗಳು ಶೇ. 4.3ರಿಂದ 1.6ಕ್ಕೆ ಇಳಿದುವೆಂದು 2023ರಲ್ಲಿ ಅದು ವರದಿ ಮಾಡಿತು.

ಸಹೋದರರೇ, ಔಷಧವಿಲ್ಲದ ಮಾತ್ರೆ ನುಂಗಿದ ಆ 808 ಮಹಿಳೆಯರನ್ನು ಒಮ್ಮೆ ನೆನೆಯಿರಿ. ಅವರಿಲ್ಲದೆ ಹೋಲಿಕೆಯಿಲ್ಲ, ಹೋಲಿಕೆಯಿಲ್ಲದೆ ಸತ್ಯವಿಲ್ಲ. ಇಂದು ಎಲ್ಲೋ ಒಂದು ಮನೆಯ ಮಗಳು ಹೆತ್ತು ಕ್ಷೇಮವಾಗಿ ಮರಳುವುದರಲ್ಲಿ ಹೆಸರೂ ತಿಳಿಯದ ಆ ಹಳ್ಳಿಯ ಹೆಂಗಸರ ಪಾಲಿದೆ. ಸಂಶೋಧನೆ ಎಂದೊಡನೆ "ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ" ಎಂದು ಬೆಚ್ಚಿ ಓಡುವವರು ಈ ಋಣವನ್ನು ಮರೆಯಬಾರದು.

ಹಾಗೆಂದು ಆ ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ನೀಡುವ ಅಧ್ಯಯನ ಯೋಜನೆ ಆರಂಭವಾಯಿತು. ಕೆಲವು ಹುಡುಗಿಯರ ಸಾವಿನ ಸುದ್ದಿಯ ಬಳಿಕ 2010ರ ಎಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಸಿದ್ಧವಾಗಲಿಲ್ಲ, ಲಸಿಕೆ ಉಪಯುಕ್ತವೇ. ಆದರೆ ಬೇರೊಂದು ಸತ್ಯ ಹೊರಬಂತು. ಆಂಧ್ರದ 9,543 ಸಮ್ಮತಿ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು! ತಂದೆತಾಯಿಗೆ ತಿಳಿಸದೆ ಅವರ ಮಗಳ ಪರವಾಗಿ ಒಪ್ಪಲು ಇವರು ಯಾರು? ಬಡವರ, ಬುಡಕಟ್ಟಿನವರ ಮಕ್ಕಳಲ್ಲದಿದ್ದರೆ ಹೀಗೆ ಮಾಡುವ ಧೈರ್ಯ ಬರುತ್ತಿತ್ತೇ? 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಈ ಯೋಜನೆಯನ್ನು ಕಟುವಾಗಿ ಟೀಕಿಸಿತು.

ಮಾತ್ರೆಯೊಂದು ತಾಯಿಯನ್ನು ಉಳಿಸುತ್ತದೆಯೇ ಎಂದು ತಿಳಿಯಲು ಸಂಶೋಧನೆ ಬೇಕು. ಆದರೆ ಆ ತಾಯಿಯನ್ನು ಮನುಷ್ಯಳೆಂದು ಕಾಣುವುದಕ್ಕೆ ಯಾವ ಸಂಶೋಧನೆಯೂ ಬೇಡ.

ಇಂದು ಕಾನೂನು ಸ್ಪಷ್ಟವಾಗಿದೆ. 2009ರ ಜೂನ್‌ನಿಂದ ಔಷಧ ಪ್ರಯೋಗಗಳು ರಾಷ್ಟ್ರೀಯ ದಾಖಲಾತಿಯಲ್ಲಿ ನೋಂದಣಿಯಾಗುವುದು ಕಡ್ಡಾಯ. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮೋದನೆ ಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ನೀಡಬೇಕು. ಓದಲು ಬಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಉಪಸ್ಥಿತರಿರಬೇಕು. ಭಾಗವಹಿಸಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಅವರ ಸಾಮಾನ್ಯ ಚಿಕಿತ್ಸೆಗೆ ಧಕ್ಕೆಯಾಗಕೂಡದು.

ಆದರೆ ಕಾನೂನು ನಮ್ಮ ಮನೆಯೊಳಗೆ ಬಂದು ಕೂರುವುದಿಲ್ಲ. ವಾರ್ಡನ್ ಮಾಡಿದ್ದನ್ನು ಅನ್ಯಾಯವೆಂದು ಖಂಡಿಸುವ ನಾವು ಮನೆಯಲ್ಲಿ ಮಾಡುವುದೇನು? ಆಸ್ಪತ್ರೆಯಲ್ಲಿ ಕಾಗದ ಚಾಚಿದೊಡನೆ ಗಂಡ ಸಹಿ ಹಾಕುತ್ತಾನೆ, ಇಲ್ಲವೇ ಅತ್ತೆ "ಬೇಡ" ಎಂದುಬಿಡುತ್ತಾರೆ. ದೇಹ ಯಾರದೋ ಆಕೆ ಒಳಕೋಣೆಯಲ್ಲಿ ಮಲಗಿರುತ್ತಾಳೆ. ಆಕೆಯನ್ನು ಕೇಳಿದವರೇ ಇಲ್ಲ! ಪ್ರಾಯಕ್ಕೆ ಬಂದ, ತಿಳುವಳಿಕೆಯುಳ್ಳ ಹೆಣ್ಣಿನ ಸಮ್ಮತಿಗೆ ಗಂಡನ ಸಹಿ ಬದಲಿಯಲ್ಲ.

ಆದ್ದರಿಂದ ಇಂಥ ಕಾಗದ ನಿಮ್ಮ ಮುಂದೆ ಬಂದಾಗ ಕೇಳಿರಿ: ಇದು ಚಿಕಿತ್ಸೆಯೋ, ಅಧ್ಯಯನವೋ? ಆಕೆ ಒಪ್ಪದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ? ಅಪಾಯವೇನು? ತೊಂದರೆಯಾದರೆ ಹೊಣೆ ಯಾರದು? ಇದು ನೋಂದಣಿಯಾಗಿದೆಯೇ? ಉತ್ತರವನ್ನು ಕನ್ನಡದಲ್ಲೋ ನಿಮ್ಮ ಮನೆಮಾತಿನಲ್ಲೋ, ಆಕೆಯ ಎದುರಲ್ಲೇ ಕೇಳಿರಿ. ಸಾಧ್ಯವಾದರೆ ಹೆರಿಗೆ ನೋವು ಆರಂಭವಾಗುವ ಮೊದಲೇ, ತಪಾಸಣೆಯ ದಿನಗಳಲ್ಲೇ ಈ ಮಾತು ಮುಗಿಯಲಿ. ಆ ಬಳಿಕ ಆಕೆ ಒಪ್ಪಿದರೆ ಆಕೆಯ ಜೊತೆ ನಿಲ್ಲಿ. ಒಪ್ಪದಿದ್ದರೂ ಆಕೆಯ ಜೊತೆಗೇ ನಿಲ್ಲಿ.