ಊರ ಬಾಗಿಲಿನ ಕಾಲೇಜು



ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ 'ಸರ್ಕಾರಿ ಪ್ರಥಮ ದರ್ಜೆ ಕಾಲೇಜು' ಎಂಬ ಫಲಕವನ್ನು ಕಂಡ ಹೊರಗಿನವರು ಮುಗುಳ್ನಗುವುದುಂಟು. ಪದವಿ ತರಗತಿಗಳು ನಡೆಯುವ ಕಾಲೇಜು ಎಂದಷ್ಟೇ ಅದರ ಅರ್ಥ. ಅದು ಗುಣಕ್ಕೆ ಕೊಟ್ಟ ಬಿರುದಲ್ಲ. ಕೋಲಾರದ ಸೀಮೆಯಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡ ಪಾಠ ಹೇಳಿದ ನಾನು ಇಂದು ಆ ಫಲಕದ ಹಿಂದಿರುವ ಬದುಕನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬುದೊಂದು ವ್ಯವಸ್ಥೆಯಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ, ಪ್ರೌಢಶಾಲೆ ಮುಗಿಸಿದ ಮಕ್ಕಳು ಊರು ಬಿಡದೆ ಇನ್ನೆರಡು ವರ್ಷ ಓದಲೆಂದು ಆರಂಭವಾದ ಕಾಲೇಜು ಅದರ ಮೊದಲ ಮಾದರಿ. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಸೇರಬಯಸಿದವರಿಗೆ ತೆರೆದ ಬಾಗಿಲು: ಇವು ಅದರ ಲಕ್ಷಣಗಳು. ಹೆಸರು ಬೇರೆಯಾದರೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳು ಮಾಡುತ್ತ ಬಂದಿರುವುದು ಇದೇ ಕೆಲಸವನ್ನು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾಗಲಿಲ್ಲ. ಆದರೂ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಡಿ.ಲಿಟ್. ಕೊಟ್ಟು ತಾನು ಗೌರವ ಪಡೆಯಿತು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರು ಎಂ.ಎ. ಪದವಿಗಾಗಿ ಮದರಾಸಿನವರೆಗೆ ಹೋದರು. ಊರಿನಲ್ಲಿ ಕಾಲೇಜಿಲ್ಲದಿದ್ದರೂ ಇಂಥವರು ಬೆಳೆದರಲ್ಲ ಎಂದು ಕೇಳುವವರಿದ್ದಾರೆ. ಬೆಳೆದರು, ನಿಜ. ಆದರೆ ಅವರ ಜೊತೆಯಲ್ಲಿ ಮಗ್ಗಿ ಹೇಳಿದ, ಅಮರಕೋಶ ಒಪ್ಪಿಸಿದ ಉಳಿದ ಮಕ್ಕಳು ಏನಾದರು? ಪ್ರತಿಭೆ ಬಂಡೆಯ ಬಿರುಕಿನಲ್ಲೂ ಬೇರು ಬಿಡುತ್ತದೆ; ಸಾಧಾರಣವಾದ ಒಳ್ಳೆಯ ಬುದ್ಧಿಗೆ ಹದವಾದ ನೆಲ ಬೇಕು. ಮನೆಯ ಬಳಿಯ ಕಾಲೇಜು ಇರುವುದು ಆ ಸಾಧಾರಣರಿಗಾಗಿ.

ಈ ಸಾಧಾರಣರು ಯಾರು? ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯೂ ಪರೀಕ್ಷೆಯೂ ಒಟ್ಟಿಗೆ ಬಂದ ವರ್ಷ, ರಾತ್ರಿ ಮಂಡಿಯಲ್ಲಿ ಹಣ್ಣು ವಿಂಗಡಿಸಿ ಬೆಳಗ್ಗೆ ಉತ್ತರಪತ್ರಿಕೆಯ ಮುಂದೆ ಕುಳಿತ ಹುಡುಗರು. ಮುಂಜಾನೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಅದೇ ಓಟದಲ್ಲಿ ಬಸ್ಸು ಹಿಡಿಯುವ ಹೆಣ್ಣುಮಕ್ಕಳು. ಮಾಲೂರಿನ ಮತ್ತು ನರಸಾಪುರದ ಕೈಗಾರಿಕಾ ಪ್ರದೇಶಗಳಿಗೆ ಹೋಗುವ ಕಂಪನಿ ಬಸ್ಸನ್ನೂ ಕಾಲೇಜಿಗೆ ಹೋಗುವ ಸರ್ಕಾರಿ ಬಸ್ಸನ್ನೂ ಒಂದೇ ನಿಲ್ದಾಣದಲ್ಲಿ ನಿಂತು ನೋಡುತ್ತ, ಯಾವುದನ್ನು ಹತ್ತಲಿ ಎಂದು ತೂಗುವ ಯುವಕರು. ಕಂಪನಿ ಬಸ್ಸು ತಿಂಗಳ ಕೊನೆಗೆ ಸಂಬಳ ಕೊಡುತ್ತದೆ. ಕಾಲೇಜು ಏನು ಕೊಡುತ್ತದೆ ಎಂಬ ಪ್ರಶ್ನೆಗೆ ನಾವು ಅಧ್ಯಾಪಕರು ಕೊಡಬಲ್ಲ ಉತ್ತರದ ಮೇಲೆ ಆ ಹುಡುಗನ ಮುಂದಿನ ಮೂರು ವರ್ಷಗಳು ನಿಂತಿರುತ್ತವೆ.

ತರಗತಿಯೊಳಗೆ ನನಗೆ ದೊರೆತ ಒಂದು ಉತ್ತರವನ್ನು ಹೇಳುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿಗೆ ಅಂಟಿದ ತಾಲ್ಲೂಕುಗಳು. ಅನೇಕ ಮನೆಗಳಲ್ಲಿ ತೆಲುಗೇ ಮಾತು. ಅಂಥ ಮನೆಯ ಮಕ್ಕಳು ಕನ್ನಡದ ತರಗತಿಯಲ್ಲಿ ಹಿಂದಿನ ಬೆಂಚನ್ನು ಹುಡುಕುತ್ತಿದ್ದರು. ಹಳಗನ್ನಡದ ಪಾಠ ಬಂದಾಗ ಮಾತ್ರ ಒಂದು ವಿಚಿತ್ರ ನಡೆಯುತ್ತಿತ್ತು. 'ಪಾಲ್', 'ಪುಲಿ' ಎಂಬ ಶಬ್ದಗಳಿಗೆ ಅರ್ಥ ಕೇಳಿದರೆ ಅಚ್ಚಗನ್ನಡದ ಮನೆಯ ಮಕ್ಕಳು ತಡವರಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಉತ್ತರ ಥಟ್ಟನೆ ಬರುತ್ತಿತ್ತು. ಏಕೆಂದರೆ ಕನ್ನಡ ತನ್ನ ಪಕಾರವನ್ನು ಹಕಾರ ಮಾಡಿಕೊಂಡು ಹಾಲು, ಹುಲಿ ಎಂದಿತು. ತೆಲುಗು ಇಂದಿಗೂ ಪಾಲು, ಪುಲಿ ಎನ್ನುತ್ತದೆ. ತನ್ನ ಮನೆಮಾತು ಪಂಪನ ಕಾಲದ ಕನ್ನಡಕ್ಕೆ ಒಂದು ಕೀಲಿಕೈ ಎಂದು ತಿಳಿದ ದಿನ ಆ ಹುಡುಗನ ತಲೆ ಎತ್ತರವಾಗುತ್ತಿತ್ತು. ಈ ಬಗೆಯ ಪಾಠ ಗಡಿಯೂರಿನ ಕಾಲೇಜಿನಲ್ಲೇ ಸಾಧ್ಯ.

ಆದರೆ ಕಾಲೇಜೆಂದರೆ ತರಗತಿಯಷ್ಟೇ ಅಲ್ಲ. ಗ್ರಂಥಾಲಯದಲ್ಲಿ ಗುರಿಯಿಲ್ಲದೆ ಪುಸ್ತಕ ತಿರುವುವ ವಿರಾಮ, ಮರದಡಿಯ ವಾದ, ಕಬಡ್ಡಿಯ ಅಂಕಣದ ಧೂಳು ಇವೂ ವಿದ್ಯೆಯ ಅಂಗಗಳೇ. ಕಬಡ್ಡಿಗೂ ಖೋ ಖೋ ಆಟಕ್ಕೂ ಹೆಚ್ಚಿನ ಸಲಕರಣೆ ಬೇಡ. ನೆಲ ಬೇಕು, ಜೊತೆ ಬೇಕು, ಹೊತ್ತು ಬೇಕು. ನೆಲವೂ ಜೊತೆಯೂ ನಮ್ಮಲ್ಲಿವೆ. ಇಲ್ಲದ್ದು ಹೊತ್ತು. ನಮ್ಮ ವಿದ್ಯಾರ್ಥಿಜೀವನವನ್ನು ಆಳುವುದು ಪ್ರಾಂಶುಪಾಲರಲ್ಲ, ಬಸ್ಸಿನ ವೇಳಾಪಟ್ಟಿ. ಮುಳಬಾಗಿಲಿಗಂತೂ ರೈಲೂ ಇಲ್ಲ. ಕೊನೆಯ ಗಂಟೆ ಹೊಡೆದ ಕೂಡಲೇ ಆವರಣ ಬರಿದಾಗುತ್ತದೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಚೆನ್ನಾಗಿ ಓಡಬಲ್ಲ ಹುಡುಗಿಯೊಬ್ಬಳಿದ್ದಳು. ಅಂತರ ಕಾಲೇಜು ಕ್ರೀಡಾಕೂಟಕ್ಕೆ ಆಯ್ಕೆಯಾದವಳು ಅಭ್ಯಾಸಕ್ಕೆ ನಿಲ್ಲಲಾರದೆ ಹಿಂದೆ ಸರಿದಳು. ಕಾಲಿನಲ್ಲಿ ಶಕ್ತಿಯಿತ್ತು, ಸಂಜೆ ಆರರ ನಂತರ ಅವಳ ಹಳ್ಳಿಗೆ ಬಸ್ಸಿರಲಿಲ್ಲ.

ಪರಿಸ್ಥಿತಿ ಬದಲಾಗಿಲ್ಲವೆನ್ನಲಾರೆ. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾದ ಮೇಲೆ ನಮ್ಮ ಮಕ್ಕಳು ಒಂದು ಅಂಕಪಟ್ಟಿಯ ತಿದ್ದುಪಡಿಗೂ ಬೆಂಗಳೂರಿಗೆ ಅಲೆಯಬೇಕಾಗಿದ್ದ ಕಾಲವೊಂದಿತ್ತು. 2017ರಲ್ಲಿ ಅದು ವಿಭಜನೆಗೊಂಡು, ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕಕ್ಕೇ ಬಂದಿತು. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣ ಕೇಳದ ಶಕ್ತಿ ಯೋಜನೆ ಜಾರಿಗೆ ಬಂದಿತು. 'ಬಸ್ಸಿನ ಖರ್ಚು ಯಾರು ಕೊಡುತ್ತಾರೆ' ಎಂಬ ಮಾತಿನಿಂದ ಮಗಳ ಓದಿಗೆ ತಡೆಯೊಡ್ಡುತ್ತಿದ್ದ ಮನೆಯಲ್ಲಿ ಆ ನೆಪವೊಂದು ಇಲ್ಲವಾಯಿತು. ಹಣದ ತಡೆ ಸರಿದಿದೆ. ಹೊತ್ತಿನ ತಡೆ ಇನ್ನೂ ನಿಂತಿದೆ.

ಆದುದರಿಂದ ನನ್ನ ಸೂಚನೆ ದೊಡ್ಡದಲ್ಲ. ಹೊಸ ಕಟ್ಟಡ ಕೇಳುವ ಮೊದಲು ಒಂದು ಗಂಟೆಯನ್ನು ಕೇಳೋಣ. ವಾರದಲ್ಲಿ ಮೂರು ದಿನವಾದರೂ ನಡುಹಗಲಿನ ಒಂದು ಅವಧಿ ಆಟಕ್ಕೆ, ಗ್ರಂಥಾಲಯಕ್ಕೆ, ಚರ್ಚೆಗೆ ಮೀಸಲಾಗಲಿ. ಪಠ್ಯದ ಬಾಕಿ ತೀರಿಸಲು ಯಾರೂ ಅದನ್ನು ಕದಿಯದಿರಲಿ. ಹಳ್ಳಿಗಳತ್ತ ಹೋಗುವ ಸಂಜೆಯ ಕೊನೆಯ ಬಸ್ಸು ಒಂದು ಗಂಟೆ ತಡವಾಗಿ ಹೊರಡಲೆಂದು ಕಾಲೇಜಿನ ಅಭಿವೃದ್ಧಿ ಸಮಿತಿಯವರು ಡಿಪೋದವರನ್ನು ಕೇಳಿಕೊಳ್ಳಲಿ. ವರ್ಷ ವರ್ಷವೂ ನೇಮಕದ ಆದೇಶಕ್ಕೆ ಕಾಯುತ್ತ ಪಾಠ ಹೇಳುವ ಅತಿಥಿ ಉಪನ್ಯಾಸಕರಿಗೆ ನಾಳೆಯ ಭರವಸೆ ಸಿಗಲಿ. ತಾನೇ ನಿಲ್ಲುವೆನೋ ಇಲ್ಲವೋ ಎಂದು ಅರಿಯದ ಗುರು ಶಿಷ್ಯನಿಗೆ 'ನಿಲ್ಲು, ಓದು' ಎಂದು ಹೇಗೆ ಹೇಳಬಲ್ಲ?

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಬಾಗಿಲಿಗೆ ಎರಡು ಕೆಲಸ: ಹೊರಗೆ ಹೋಗುವವರಿಗೆ ದಾರಿ ಬಿಡುವುದು, ಒಳಗೆ ಬರುವವರನ್ನು ಕರೆಯುವುದು. ನಮ್ಮ ಕಾಲೇಜುಗಳು ಮೊದಲನೆಯದನ್ನು ತಕ್ಕಮಟ್ಟಿಗೆ ಮಾಡಿವೆ. ಅಲ್ಲಿಂದ ಹೊರಟವರು ಅನೇಕ ಊರುಗಳಲ್ಲಿ ಅನ್ನ ಉಣ್ಣುತ್ತಿದ್ದಾರೆ. ಗಂಟೆ ಹೊಡೆದ ಮೇಲೂ ಸ್ವಲ್ಪ ಹೊತ್ತು ಇಲ್ಲೇ ಇರೋಣ ಎಂದು ಮಕ್ಕಳಿಗೆ ಅನ್ನಿಸುವ ಹಾಗೆ ಆ ಬಾಗಿಲನ್ನು ತೆರೆದಿಡುವುದು ಇನ್ನು ಆಗಬೇಕಾದ ಕೆಲಸ.