ಮನೆಮಂದಿಯೊಡನೆ ನೋಡಿದ ಮೂರು ಚಿತ್ರಗಳು

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಸಿನೇಮಾದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಸಂಕೋಚವಾಯಿತು. ನಾವು ವಿಮರ್ಶಕರಲ್ಲ. ಮ್ಯಾಟ್ರಿಕ್‌ವರೆಗೆ ಓದಿ ನೂಲಿನ ಗಿರಣಿಯಲ್ಲಿ ಹಾಜರಿ ಪಟ್ಟಿ ಬರೆಯುವ ಕಾರಕೂನರು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಆದರೆ ಚಿತ್ರಗಳು ಪಂಡಿತರಿಗಾಗಿಯೇ ತಯಾರಾಗುವುದಿಲ್ಲ. ಪಾಳಿ ಮುಗಿಸಿ, ಕೈಕಾಲು ತೊಳೆದು, ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು ನೋಡುವ ನಮ್ಮಂಥವರಿಗಾಗಿಯೂ ತಯಾರಾಗುತ್ತವೆ. ಆ ಧೈರ್ಯದಿಂದ ನಿಂತಿದ್ದೇವೆ.

ಇಚಲಕರಂಜಿಯಲ್ಲಿ ಕೂತು ಕನ್ನಡ ಚಿತ್ರದ ಮಾತೇಕೆ ಎಂದು ಕೆಲವರು ಕೇಳಬಹುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು. ವೈ. ವಿ. ರಾವ್ ಅದರ ನಿರ್ದೇಶಕರು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದ್ದರು. ಅದರ ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಲ್ಲ, ನಮ್ಮ ನೆರೆಯ ಕೊಲ್ಲಾಪುರದ ಛತ್ರಪತಿ ಸಿನೆಟೋನಿನಲ್ಲಿ. ಅಂದಮೇಲೆ ಕೆಲಸಕ್ಕಾಗಿ ಈ ಸೀಮೆಗೆ ಬಂದವರಲ್ಲಿ ನಾವೇ ಮೊದಲಿಗರಲ್ಲ. ಕನ್ನಡ ಚಿತ್ರವೂ ಹೀಗೆಯೇ ಬಂದಿತ್ತು.

ಕಳೆದ ಬೇಸಿಗೆ ರಜೆಯಲ್ಲಿ ಮೂರು ರವಿವಾರ ಮೂರು ಚಿತ್ರ ನೋಡುವುದೆಂದು ಮನೆಯಲ್ಲಿ ಗೊತ್ತುಮಾಡಿದೆವು. ನಮ್ಮ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ. ಆದರೆ ಎರಡು ಮಾತಿಗೊಮ್ಮೆ ಮರಾಠಿ ನುಸುಳುತ್ತದೆ. ಅವ್ವನಿಗೆ ಅದೊಂದು ಚಿಂತೆ. ಚಿತ್ರದ ನೆವದಿಂದಲಾದರೂ ಕನ್ನಡ ಕಿವಿಗೆ ಬೀಳಲಿ ಎಂಬುದು ನಮ್ಮ ಹಂಚಿಕೆ.

ಮೊದಲ ವಾರ ‘ಸ್ಕೂಲ್ ಮಾಸ್ಟರ್’. 1958ರ ಚಿತ್ರ. ಬಿ. ಆರ್. ಪಂತುಲು ಅವರೇ ನಿರ್ದೇಶಿಸಿ ಮಾಸ್ತರರ ಪಾತ್ರ ಮಾಡಿದ್ದಾರೆ, ಹೆಂಡತಿಯಾಗಿ ಎಂ. ವಿ. ರಾಜಮ್ಮ. ಮುಪ್ಪಿನಲ್ಲಿ ಹೊಟ್ಟೆಯ ಮಕ್ಕಳು ಕೈಬಿಡುತ್ತಾರೆ. ಪೋಲೀಸ್ ಅಧಿಕಾರಿಯಾದ ಹಳೆಯ ಶಿಷ್ಯ ಕೈಹಿಡಿಯುತ್ತಾನೆ. ಆ ಶಿಷ್ಯನ ಪಾತ್ರದಲ್ಲಿ ಶಿವಾಜಿ ಗಣೇಶನ್ ಬರುತ್ತಾರೆ. ಕಪ್ಪು-ಬಿಳುಪಿನ ಚಿತ್ರವೆಂದು ಮಗ ಮೊದಲು ಮೂಗು ಮುರಿದ. ಅರ್ಧ ತಾಸಿನ ಮೇಲೆ ಅವನೇ ಎಲ್ಲರಿಗಿಂತ ಮುಂದೆ ಸರಿದು ಕೂತಿದ್ದ. ಇಂದಿನ ಕಣ್ಣಿಗೆ ಕಣ್ಣೀರಿನ ಪಾಲು ತುಸು ಹೆಚ್ಚೆನಿಸುತ್ತದೆ. ಆದರೂ ಚಿತ್ರ ಮುಗಿದಾಗ ಅವ್ವನ ಸೆರಗು ಒದ್ದೆಯಾಗಿತ್ತು. ನಮ್ಮ ಕಣ್ಣೂ ಒಣಗಿರಲಿಲ್ಲ.

ಎರಡನೆಯ ವಾರ ‘ತಿಥಿ’. ರಾಮ್ ರೆಡ್ಡಿಯವರ ಈ ಚಿತ್ರ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆಯಿತು. ಹೆಸರು ಕೇಳಿ ಮಗಳು ಇದು ಪಂಚಾಂಗದ ಚಿತ್ರವೆಂದು ತಿಳಿದಳು. ಮರಾಠಿ ಶಾಲೆಯಲ್ಲಿ ಅವಳು ಕಲಿತ ತಿಥಿ ಅದು. ಇಲ್ಲಿ ತಿಥಿಯೆಂದರೆ ಸತ್ತವರ ಕರ್ಮದ ದಿನ. ನೂರಾಒಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಮಗ ಗಡ್ಡಪ್ಪನಿಗೆ ಯಾವ ಆಸ್ತಿಯೂ ಬೇಡ, ಅಲೆದಾಡಿಕೊಂಡಿದ್ದರೆ ಸಾಕು. ಮೊಮ್ಮಗನಿಗೆ ಹೊಲ ಮಾರುವ ಆತುರ. ನಟಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ. ಅವರ ಮಾತು ಬಾಗಲಕೋಟೆ ಕಡೆಯ ನಮ್ಮ ಕಿವಿಗೆ ಒಂದೊಂದು ಕಡೆ ತಿಳಿಯಲಿಲ್ಲ. ಬೈಗಳು ಬಂದಾಗ ಮನೆಯವರು ಕೆಮ್ಮಿ ಮಕ್ಕಳನ್ನು ನೀರು ತರಲು ಕಳಿಸಿದರು. ನಗು ತುಂಬಿದ ಚಿತ್ರ. ಆದರೆ ಹೊಲದ ಕಾಗದಗಳಿಗಾಗಿ ಮೊಮ್ಮಗ ಓಡಾಡುವುದನ್ನು ಕಂಡು ನಮ್ಮ ನಗು ನಿಂತಿತು. ಅದಕ್ಕೆ ಕಾರಣವಿತ್ತು.

ಊರಿನಲ್ಲಿ ನಮ್ಮ ಪಿತ್ರಾರ್ಜಿತ ನಾಲ್ಕು ಎಕರೆ ಹೊಲವಿದೆ. ಅಪ್ಪ ತೀರಿದ ಮೇಲೆ ಅಣ್ಣನೇ ಮಾಡುತ್ತಾನೆ. ಮೂರು ವರ್ಷದಿಂದ ನಮ್ಮ ಪಾಲಿನ ಜೋಳವೂ ಬರಲಿಲ್ಲ, ರೊಕ್ಕವೂ ಬರಲಿಲ್ಲ. ಕಾರಕೂನರಿಗೆ ಲೆಕ್ಕದ ಚಾಳಿ ಬಿಡುವುದಿಲ್ಲವಷ್ಟೆ. ವರ್ಷವಾರು ಉತ್ಪನ್ನದ ಲೆಕ್ಕ ಕೇಳಿ, ಕೊಡದಿದ್ದರೆ ವಕೀಲರ ಮುಖಾಂತರ ಪಾಲು ಮಾಡಿಸಿಕೊಳ್ಳುತ್ತೇವೆಂದು ಕಾಗದ ಬರೆದಿಟ್ಟಿದ್ದೆವು. ಸೋಮವಾರ ರಜಿಸ್ಟರ ಮಾಡುವುದಿತ್ತು.

ಆ ಸೋಮವಾರ ಟಪಾಲು ಕಚೇರಿಗೆ ಹೋಗಲು ಬಿಡುವಾಗಲಿಲ್ಲ. ಮುಂದಿನ ರವಿವಾರ ‘ಬಂಗಾರದ ಮನುಷ್ಯ’ ನೋಡಿದೆವು. ಟಿ. ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು 1972ರಲ್ಲಿ ಚಿತ್ರ ಮಾಡಿದರು. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತೆಂದು ನೀವೆಲ್ಲ ಬಲ್ಲಿರಿ. ಭಾವ ತೀರಿಕೊಂಡ ಮನೆಯ ಭಾರ ಹೊತ್ತು, ಕಲ್ಲುನೆಲ ಒಡೆದು ಹೊಲ ಮಾಡುವ ರಾಜೀವನಾಗಿ ರಾಜ್‌ಕುಮಾರ್ ಅವರನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಗೆ, ತಾನು ಓದಿಸಿ ಬೆಳೆಸಿದ ಅಕ್ಕನ ಮಗನೇ ಸಂಶಯಪಟ್ಟು ಕಟುಮಾತು ಆಡುತ್ತಾನೆ. ರಾಜೀವ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಆ ಮಗನ ಪಾತ್ರದ ವಜ್ರಮುನಿಯವರನ್ನು ಕಂಡು ಮಗಳು, “ಇವಾ ಭಾಳ ಕೆಟ್ಟಾಂವ” ಎಂದಳು. ನಮಗೆ ತಲೆಯೆತ್ತಲಾಗಲಿಲ್ಲ.

ದೀಪ ಹಚ್ಚಿದ ಮೇಲೆ ಅವ್ವ ಕೇಳಿದಳು: “ಅಣ್ಣಗ ಬರದಿದ್ದೆಲ್ಲಪಾ, ಆ ಕಾಗದ ಹಾಕಿಯೇನು?” ಅವಳಿಗೆ ಗೊತ್ತಿರಲಿಕ್ಕಿಲ್ಲವೆಂದು ನಾವು ತಿಳಿದಿದ್ದೆವು.

ಮನೆಯವರ ಅಭಿಪ್ರಾಯ ಬೇರೆಯಾಗಿತ್ತು. “ರಾಜೀವನೂ ಒಂದ್ ಮಾತು ಬಾಯಿಬಿಟ್ಟು ಹೇಳಬೇಕಿತ್ರೀ. ಸುಮ್ಮನ ಹೋಗಿಬಿಟ್ರ ಅಕ್ಕನ ಗತಿ ಏನು? ಆಕಿ ಏನ್ ತಪ್ಪು ಮಾಡಿದ್ಲು?” ಎಂದರು. ಚಿತ್ರದ ದೊಡ್ಡಸ್ತಿಕೆಗೆ ಇದರಿಂದ ಕುಂದಿಲ್ಲ. ಆದರೆ ಮಾತು ನಿಜ. ಸಂಶಯದಿಂದ ಕೇಳುವುದು ಹೇಗೆ ತಪ್ಪೋ, ಹೇಳದೆ ನುಂಗಿಕೊಳ್ಳುವುದೂ ಹಾಗೆ ಮನೆಯನ್ನು ಒಡೆಯುತ್ತದೆ.

ಕಾಗದವನ್ನು ರಜಿಸ್ಟರ ಮಾಡಲಿಲ್ಲ. ನಾಗರಪಂಚಮಿಗೆ ಎಲ್ಲರೂ ಊರಿಗೆ ಹೋದೆವು. ಅಣ್ಣ ಎರಡು ಕೊಳವೆಬಾವಿ ತೆಗೆಸಿದ್ದ, ಎರಡರಲ್ಲೂ ನೀರು ಬಿದ್ದಿರಲಿಲ್ಲ, ಸಾಲ ನಿಂತಿತ್ತು. “ಮೊದಲs ಯಾಕ ಹೇಳಲಿಲ್ಲೋ ಅಣ್ಣಾ?” ಎಂದರೆ, “ನೀ ಪಗಾರದಾಗ ಹೆಂಗ ನಡಸ್ತಿದ್ದೀಯೋ, ಅದರಾಗ ಇದೊಂದು ಯಾಕಂತ ಬಿಟ್ನಿ” ಎಂದ. ಪಾಲಿನ ಮಾತು ಇನ್ನೂ ಮುಗಿದಿಲ್ಲ. ಸಾಲದಲ್ಲಿ ನಮ್ಮ ಪಾಲೆಷ್ಟು ಎಂಬುದೂ ಈಗ ಅದರಲ್ಲಿ ಸೇರಿದೆ. ಆದರೆ ಅದು ಒಂದೇ ಕಟ್ಟೆಯ ಮೇಲೆ ಕೂತು ಆಡುವ ಮಾತಾಗಿದೆ. ವಕೀಲರ ಮೇಜಿನ ಮೇಲಿಲ್ಲ.

ಚಿತ್ರ ನೋಡಿದರೆ ಸಂಸಾರ ಸುಧಾರಿಸುತ್ತದೆಂದು ನಾವು ಹೇಳಲಾರೆವು. ಒಬ್ಬರೇ ಮೊಬಾಯಿಲಿನಲ್ಲಿ ನೋಡಿದ್ದರೆ ನಾವೂ ಕಣ್ಣೊರೆಸಿಕೊಂಡು ಮರುದಿನ ಕಾಗದ ಹಾಕುತ್ತಿದ್ದೆವು. ಅವ್ವ ಪಕ್ಕದಲ್ಲಿದ್ದಳು, ಕೇಳಿದಳು, ಅದರಿಂದ ಉಳಿದೆವು. ಆದುದರಿಂದ ಮನೆಮಂದಿಯೆಲ್ಲ ಕೂಡಿ ನೋಡಿರಿ. ನೋಡಿದ ಮೇಲೆ ಅರ್ಧ ತಾಸು ಮಾತಾಡಿರಿ. ಹಿರಿಯರಿಗೂ ಮಕ್ಕಳಿಗೂ ಮಾತಾಡಲು ಬಿಡಿರಿ.

‘ಬಂಗಾರದ ಮನುಷ್ಯ’ ಕಾದಂಬರಿ ನಮ್ಮ ವಾಚನಾಲಯದ ಕಪಾಟಿನಲ್ಲಿದೆ. ಮಗಳು ಈಗ ಅಕ್ಷರ ಕೂಡಿಸಿ ಕೂಡಿಸಿ ಅದರ ಎರಡನೆಯ ಪುಟಕ್ಕೆ ಬಂದಿದ್ದಾಳೆ. ಅವಳು ಮುಗಿಸುವತನಕ ಉಳಿದವರು ದಯವಿಟ್ಟು ತಾಳಿಕೊಳ್ಳಬೇಕು.